ಸಾವಿರ ಕಿಲೋಮೀಟರಿನ ಆಯಿಲ್

ಆ ಶನಿವಾರ ಕಾರನ್ನು ಗಂಡನಿಗೆ ಬಿಟ್ಟು ಬಸ್ಸಿನಲ್ಲಿ ಹೋಗಿದ್ದೆ. ಶಾಲೆ ಮುಗಿಸಿ ಮನೆಗೆ ಬಂದಾಗ ನನ್ನ ಹೊಸ ಕಾರಿನ ಮುಂದಿನ ಚಕ್ರಗಳು ಇಟ್ಟಿಗೆ ಸಾಲಿನ ಮೇಲೆ ಹತ್ತಿ ನಿಂತಿದ್ದವು. ಕೆಳಗಿನಿಂದ ಎರಡು ಕಾಲುಗಳು ಹೊರಗೆ ಚಾಚಿದ್ದವು. ಆ ಕಾಲುಗಳು ಅಲ್ಲಾಡಿದ ಮೇಲೆಯೇ ನನಗೆ ಉಸಿರು ಬಂದದ್ದು.

"ಏನ್ ಮಾಡ್ತಾ ಇದ್ದೀರಿ ಅಲ್ಲಿ?" ಎಂದು ಕೂಗಿದೆ.

"ಆಯಿಲ್ ಬದ್ಲಾಯಿಸ್ತಾವ್ನಿ ಕಣಮ್ಮಿ," ನನ್ನ ಗಂಡನ ದನಿ ಕಾರಿನಡಿಯಿಂದ ಬಂತು. "ಆಗೋಯ್ತು. ಒಳೀಕೋಗಿ ಟೀ ಇಡು."

ನಾನು ಸಂತೆಮರಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಚಾಮರಾಜನಗರದಿಂದ ದಿನಾ ಬಸ್ಸಿನಲ್ಲಿ ನಿಂತು ನಿಂತು ಮಂಡಿ ಸವೆದ ಮೇಲೆ, ಐವತ್ತನೆಯ ವಯಸ್ಸಿಗೆ ಕಾರು ಓಡಿಸುವುದನ್ನು ಕಲಿತು ಒಂದು ಸಣ್ಣ ಕಾರು ಕೊಂಡೆ. ಅದರ ಜೊತೆ ಬಂದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದವಳು ನಮ್ಮ ಬೀದಿಯಲ್ಲಿ ನಾನೊಬ್ಬಳೇ ಇರಬೇಕು. ಇಂಜಿನ್ನಿನ ಮೊದಲ ಆಯಿಲ್ ಬದಲಾವಣೆ ಹತ್ತು ಸಾವಿರ ಕಿಲೋಮೀಟರಿಗೆ ಅಥವಾ ಒಂದು ವರ್ಷಕ್ಕೆ, ಯಾವುದು ಮೊದಲು ಬರುತ್ತದೋ ಆಗ, ಎಂದು ಅದರಲ್ಲಿ ಬರೆದಿತ್ತು.

ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ನನ್ನ ಗಂಡ ಇದನ್ನು ಒಪ್ಪಲಿಲ್ಲ. "ಹೊಸ ಇಂಜಿನ್ನು ಒಳಗೊಳಗೇ ತೇಯ್ತದೆ. ಕಬ್ಬಿಣದ ಪುಡಿಯೆಲ್ಲ ಆಯಿಲ್‌ಗೆ ಸೇರ್ಕತದೆ. ಸಾವಿರಕ್ಕೇ ಇಳ್ಸಿ ಬುಡ್ಬೇಕು," ಎನ್ನುತ್ತಿದ್ದರು. ಹಾಗೆ ಹೇಳುವ ಹಕ್ಕು ಅವರಿಗಿತ್ತು. ಮದುವೆಗೆ ಮುಂಚೆ ಪುಣಜನೂರಿನಾಚೆ, ಸತ್ಯಮಂಗಲದ ಒಂದು ಲಾರಿ ವರ್ಕ್‌ಶಾಪಿನಲ್ಲಿ ಎರಡು ವರ್ಷ ಇಂಜಿನ್ ಬಿಚ್ಚಿ ಜೋಡಿಸಿದ ಕೈ ಅವರದು. ಮನೆಯ ಮಿಕ್ಸಿಯಿಂದ ಹಿಡಿದು ಪಕ್ಕದವರ ಸ್ಕೂಟರಿನವರೆಗೆ ಏನು ಕೆಟ್ಟರೂ ಮೊದಲು ಇವರನ್ನೇ ಕರೆಯುತ್ತಿದ್ದರು. ಅರ್ಧಕ್ಕರ್ಧ ಸರಿಹೋಗುತ್ತಲೂ ಇತ್ತು.

ಟೀ ತಂದಾಗ ಬಾಂಡಲಿಯಲ್ಲಿದ್ದ ಆಯಿಲನ್ನು ತೋರಿಸಿದರು. ಜೇನುತುಪ್ಪದ ಬಣ್ಣ.

"ಇಷ್ಟು ಚೆನ್ನಾಗಿದೆಯಲ್ರೀ. ಯಾಕೆ ತೆಗೆದ್ರಿ?"

"ಪುಡಿ ಕಣ್ಣಿಗೆ ಕಾಣಾಕಿಲ್ಲ," ಎಂದು ಹೊಸ ಡಬ್ಬದ ಮುಚ್ಚಳ ತಿರುಗಿಸಿ, ಇಂಜಿನ್ನಿನ ಬಾಯಿಗೆ ಸುರಿದರು.

ಮಾರನೆಯ ದಿನ ಭಾನುವಾರ. ಗುಂಡ್ಲುಪೇಟೆಯಲ್ಲಿರುವ ನನ್ನ ಅಕ್ಕನಿಗೆ ಕಾರು ತೋರಿಸಲು ಹೊರಟೆವು. ಊರು ದಾಟುತ್ತಿದ್ದಂತೆ ಅಡಿಯಿಂದ ಒಂದು ಗುಂಯ್ ಶುರುವಾಯಿತು. ತೆರಕಣಾಂಬಿ ಹೊತ್ತಿಗೆ ಅದು ಹಿಟ್ಟಿನ ಗಿರಣಿಯ ಸದ್ದಾಗಿತ್ತು. ಗೇರು ಬೀಳಲೊಲ್ಲದು. ಕನ್ನಡಿಯಲ್ಲಿ ನೋಡಿದರೆ ಹಿಂದೆ ನೀಲಿ ಹೊಗೆ.

"ನಿಲ್ಲಿಸ್ಲಾ?" ಎಂದೆ.

"ಹೊಸ ಆಯಿಲ್ಲು ಹೊಂದ್ಕಬೇಕು. ಓಗ್ತಾ ಇರು," ಎಂದರು. ಹೋಗುತ್ತಾ ಇದ್ದೆ. ಪುಸ್ತಕ ಓದಿದವಳು ನಾನು, ಸ್ಟಿಯರಿಂಗ್ ನನ್ನ ಕೈಯಲ್ಲಿತ್ತು, ಆದರೂ ನಿಲ್ಲಿಸಲಿಲ್ಲ. ಅದಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಕೊಂಡಿಲ್ಲ.

ಗುಂಡ್ಲುಪೇಟೆ ಮುಟ್ಟುವ ಮುಂಚೆ ಒಂದು ಗ್ಯಾರೇಜಿನ ಮುಂದೆ ಕಾರು ತಾನೇ ಸೋತು ನಿಂತಿತು. ನರೆಗಡ್ಡದ ಮೆಕ್ಯಾನಿಕ್ ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ನೋಡಿದರು. ಒರೆಸಿ ಮತ್ತೆ ಅದ್ದಿ ನೋಡಿದರು. ಆಮೇಲೆ ಕೆಳಗೆ ತೂರಿ, ಎದ್ದು ಬಂದು ನಮ್ಮಿಬ್ಬರ ಮುಖವನ್ನೂ ನೋಡಿದರು.

"ಆಯಿಲ್ ಯಾರ್ ಬದ್ಲಾಯಿಸಿದ್ದು?"

"ನಾನೇ," ಎಂದರು ನನ್ನ ಗಂಡ.

"ಯಾವ ನಟ್ಟು ಬಿಚ್ಚುದ್ರಿ ಸಾ?"

"ಅಡೀಲಿರೋದು."

"ಅಡೀಲಿ ಎಲ್ಡವೆ ಸಾ. ನೀವು ಬಿಚ್ಚಿರದು ಗೇರ್ ಬಾಕ್ಸಿಂದು. ಅದ್ರಲ್ಲಿ ಈಗ ತೊಟ್ಟು ಆಯಿಲ್ ಇಲ್ಲ. ಇಂಜಿನ್ನಲ್ಲಿ ಹಳೇದು ಹಂಗೇ ಅದೆ, ಅದ್ರ ಮ್ಯಾಲೆ ಹೊಸಾದು ಸುರ್ದಿದ್ದೀರಿ. ಒಂದು ಕಡೆ ಬರ, ಇನ್ನೊಂದು ಕಡೆ ಪ್ರವಾಹ."

ಮೂವತ್ತೈದು ಕಿಲೋಮೀಟರು, ಗೇರಿನ ಒಣ ಹಲ್ಲಿಗೆ ಒಣ ಹಲ್ಲು ಉಜ್ಜಿಸಿಕೊಂಡು ಬಂದಿದ್ದೆ. ಘರ್ಷಣೆಯ ಪಾಠವನ್ನು ವರ್ಷವರ್ಷವೂ ಮಾಡುವ ನಾನು! ಕಾರಿಗೆ ಒಂದೂವರೆ ತಿಂಗಳೂ ತುಂಬಿರಲಿಲ್ಲ.

"ಲಾರಿ ಕೆಲ್ಸ ಮಾಡಿದ್ದೋರು ಇವ್ರು," ಎಂದೆ, ಏನೋ ತಪ್ಪು ತಿಳಿವಳಿಕೆ ಇದ್ದೀತೆಂದು.

ನನ್ನ ಗಂಡ ನೆಲ ನೋಡುತ್ತಾ, "ಇಲ್ಲ," ಎಂದರು. "ನಾನು ಇಂಜಿನ್ ಬಿಚ್ಚಿಲ್ಲ. ಸೀಮೆಎಣ್ಣೇಲಿ ಬೋಲ್ಟು ತೊಳೀತಿದ್ದೆ. ಅದೂ ನಲವತ್ತೇ ದಿನ."

ಮೆಕ್ಯಾನಿಕ್ ಗೇರ್ ಆಯಿಲ್ ತರಲು ಪೇಟೆ ಕಡೆ ಹೊರಟರು. ನಾವಿಬ್ಬರು ಗ್ಯಾರೇಜಿನ ಕಲ್ಲುಬೆಂಚಿನ ಮೇಲೆ ಕೂತೆವು. ಕಾರಿನ ಗಾಬರಿ ಎಲ್ಲಿ ಹೋಯಿತೋ. ಇಪ್ಪತ್ತಾರು ವರ್ಷ ಜೊತೆಗೆ ಉಂಡ ಮನುಷ್ಯನನ್ನು ಹೊಸಬರನ್ನು ನೋಡುವ ಹಾಗೆ ನೋಡುತ್ತಿದ್ದೆ.

"ಯಾಕೆ ಸುಳ್ಳು ಹೇಳಿದ್ರಿ?"

"ಹೆಣ್ಣು ನೋಡಕ್ಕೆ ಬಂದಿದ್ದಾಗ ನೀನು ಬಿಎಸ್ಸಿ. ನಾನು ಹತ್ತನೇ ಕ್ಲಾಸು. ನಿಮ್ಮಪ್ಪ, ಏನ್ ಕೆಲ್ಸ ಬರ್ತದಪ್ಪ ಅಂದ್ರು. ಬಾಯಿಗೆ ಬಂದುದ್ದ ಯೋಳ್ಬುಟ್ಟೆ. ಆಮ್ಯಾಲೆ ಎಲ್ಲಾರೂ ಮಿಕ್ಸಿ ತಂದ್ಕೊಟ್ರು. ಇಲ್ಲ ಅನ್ನದು ಯಂಗೆ?"

ಗೇರ್ ಬಾಕ್ಸಿಗೆ ಆಯಿಲ್ ತುಂಬಿ, ಇಂಜಿನ್ನಿನಲ್ಲಿ ಹೆಚ್ಚಾದದ್ದನ್ನು ಇಳಿಸಿದರೂ ಗುಂಯ್ ನಿಲ್ಲಲಿಲ್ಲ. ಕಾರನ್ನು ಟೆಂಪೋ ಮೇಲೆ ಕಂಪನಿಯ ಸರ್ವೀಸಿಗೆ ಸಾಗಿಸಿದರು. ಅಲ್ಲಿಯ ಕಾಗದದಲ್ಲಿ ನಾನೇ ಬರೆದೆ: ತಪ್ಪು ನಮ್ಮದು. ಗೇರ್ ಬಾಕ್ಸಿಗೆ ಎರಡು ಬೇರಿಂಗ್ ಹೊಸದು ಹಾಕಿದರು. ಇಂಜಿನ್ನಿಗೆ ಏನೂ ಆಗಿರಲಿಲ್ಲ. ಪುಸ್ತಕದಲ್ಲಿ ಬರೆದಂತೆಯೇ, ವರ್ಷ ತುಂಬುವ ಹೊತ್ತಿಗೆ ಮೊದಲ ಆಯಿಲ್ ಬದಲಾವಣೆ ಅಲ್ಲೇ ಆಯಿತು.

ಆದರೆ ನಾನು ಹೇಳಬೇಕಾದದ್ದು ಆ ಭಾನುವಾರದ ಸಂಜೆಯ ಬಸ್ಸಿನ ಮಾತು. ಅಕ್ಕನ ಮನೆಯಲ್ಲಿ ಊಟ ಮಾಡಿ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆವು. ನನ್ನಪ್ಪ ತೀರಿಕೊಂಡು ಆರು ವರ್ಷ. ಅಳಿಯ ಇಂಜಿನ್ ಬಲ್ಲವನೆಂದು ಊರಿಗೆಲ್ಲ ಹೇಳಿಕೊಂಡು ಓಡಾಡಿದವರು. ಅವರನ್ನು ನೆನೆದು ನನಗೆ ಗಂಡನ ಮೇಲೆ ಸಿಟ್ಟು ಬಂತು.

"ಪಾಪ, ಅಪ್ಪ ನಿಮ್ಮನ್ನ ಎಷ್ಟು ನಂಬಿದ್ರು," ಎಂದೆ.

ಅವರು ಕಿಟಕಿಯಾಚೆ ನೋಡುತ್ತಾ, "ಅವ್ರಿಗೆ ಗೊತ್ತಿತ್ತು," ಎಂದರು.

"ಏನು?"

"ಮದ್ವೆಯಾದ ವರ್ಷವೇ ನಿಮ್ಮಪ್ಪನ ಪಂಪ್‌ಸೆಟ್ ಕೆಟ್ಟಿತ್ತಲ್ಲ, ಅವತ್ತು ಅದ್ರ ಮುಂದೆ ಕುಂತು ಯೋಳ್ಬುಟ್ಟೆ. ನಂಗೇನೂ ಬರಾಕಿಲ್ಲ ಮಾವ ಅಂತ. ಅವ್ರು ನಕ್ಕು, ಅವಳಿಗೆ ಮಾತ್ರ ಯೋಳ್ಬೇಡ ಅಂದ್ರು. ಆಮ್ಯಾಲೆ ಅಲ್ಲಿ ಏನ್ ಕೆಟ್ರೂ ಪೇಟೆಯಿಂದ ಮೆಕ್ಯಾನಿಕ್ಕನ್ನ ಗುಟ್ಟಾಗಿ ಕರೆಸ್ತಿದ್ರು. ನಾನು ಕೈಗೆ ಗ್ರೀಸ್ ಬಳ್ಕೊಂಡು ಮನೆಗೆ ಬರ್ತಿದ್ದೆ."

ನಾನು ಮುಂದಿನ ಸೀಟಿನ ಸ್ಟೀಲಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ನನ್ನಪ್ಪ, ನನ್ನೊಂದಿಗೆ ಒಂದು ಸುಳ್ಳೂ ಆಡದವರು ಎಂದು ನಾನು ತಿಳಿದಿದ್ದ ನನ್ನಪ್ಪ!

"ಅಪ್ಪ ಇನ್ನೇನೇನು ಹೇಳ್ತಿದ್ರು?" ಎಂದು ಕೊನೆಗೆ ಕೇಳಿದೆ.

ಅವರು ನನ್ನ ಕಡೆ ತಿರುಗಿ ಕೂತು, ನನ್ನಪ್ಪನ ಬಗ್ಗೆ ನನಗೆ ಗೊತ್ತಿಲ್ಲದ್ದನ್ನು ಒಂದೊಂದಾಗಿ ಹೇಳತೊಡಗಿದರು.