ಮೂಸಾಕ ಕಟ್ಟಿದ ಮೂರು ಗಂಟು

ಬೆಳಗಿನ ಐದೂ ಮುಕ್ಕಾಲು. ಬೆಳ್ಳಾರೆ ಪೇಟೆಯ ಹಿಂದಿನ ಗುಡ್ಡದ ತುದಿಯಲ್ಲಿ, ಕಬ್ಬಿಣದ ಗೋಪುರದ ಬುಡಕ್ಕೆ ಅಂಟಿಕೊಂಡಂತಿರುವ ಸಣ್ಣ ಕೋಣೆಯ ಬೀಗ ತೆಗೆದು ಮೂಸಕುಂಞಿ ಮೊದಲು ಮಾಡುವ ಕೆಲಸ ಇರುವೆ ಓಡಿಸುವುದು. ಯಂತ್ರಗಳ ಬೆಚ್ಚಗಿನ ಗಾಳಿಗೆ ಅವು ಬಂದು ಸೇರುತ್ತವೆ, ಒಳಗೆ ಸಿಕ್ಕಿ ಸತ್ತರೆ ತಂತಿಗಳು ಕೆಡುತ್ತವೆ. ಮೂಸಕುಂಞಿ ಪೊರಕೆ ಹಿಡಿಯುವುದಿಲ್ಲ. ಪೇಂಟಿನ ಹಳೆ ಬ್ರಶ್ಶಿನಿಂದ ಇರುವೆಗಳನ್ನು ಮೆಲ್ಲಗೆ ಕಾಗದದ ಮೇಲೆ ಇಳಿಸಿಕೊಂಡು, ಹೊರಗಿನ ಗೇರುಮರದ ಬುಡದಲ್ಲಿ ಬಿಟ್ಟು ಬರುತ್ತಾರೆ.

"ಇದು ತುರ್ತು ಸೇವೆಯ ಕೋಣೆ ಅಂತ ಅವಕ್ಕೆ ಎಂತ ಗೊತ್ತು ಪಾಪ," ಎನ್ನುತ್ತಾರೆ.

ಆಮೇಲೆ ಕನ್ನಡಕ ಏರಿಸಿ, ಮೊಬೈಲಿಗಿಂತ ತುಸು ದಪ್ಪವಿರುವ ಕಪ್ಪು ಸೆಟ್ ಕೈಗೆತ್ತಿಕೊಳ್ಳುತ್ತಾರೆ. ಅದು ಹಾಜರಿಯ ಹೊತ್ತು. ಆರು ಗಂಟೆಗೆ ಆಂಬುಲೆನ್ಸಿನವರ, ಅಗ್ನಿಶಾಮಕದವರ ಪಾಳಿ ಬದಲಾಗುವ ಮುಂಚೆ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಹತ್ತು ಕಡೆಯ ಸೆಟ್‌ಗಳು ಮಾತಾಡುತ್ತಿವೆಯೇ ಎಂದು ಕರೆದು ಕೇಳಬೇಕು.

"ಪುತ್ತೂರು, ಕೇಳ್ತಾ ಉಂಟಾ?"

"ಕೇಳ್ತಾ ಉಂಟು ಮೂಸಾಕ. ಇಲ್ಲಿ ಮೋಡ ಉಂಟು."

"ಕಡಬ?"

"ಕೇಳ್ತಾ ಉಂಟು."

"ಆಲಂಕಾರು?"

"ಉಂಟುಂಟು. ಚಾ ಆಯ್ತಾ?"

"ಚಾ ಆಮೇಲೆ ಮಾರಾಯ. ಬ್ಯಾಟರಿ ಎಷ್ಟುಂಟು, ಅದು ಹೇಳು."

ಒಂಬತ್ತು ಕಡೆಯವರು ಉತ್ತರ ಕೊಟ್ಟ ಮೇಲೆ ಹತ್ತನೆಯದಕ್ಕೆ ಮೂಸಕುಂಞಿ ಸ್ವಲ್ಪ ತಡೆಯುತ್ತಾರೆ. ಕನ್ನಡಕ ತೆಗೆದು ಮೇಜಿನ ಮೇಲೆ ಇಡುತ್ತಾರೆ. ಕೇಳುವುದಕ್ಕೂ ಕನ್ನಡಕಕ್ಕೂ ಏನು ಸಂಬಂಧವೋ, ಅವರಿಗೇ ಗೊತ್ತಿಲ್ಲ.

"ಮಂಡೆಕೋಲು?"

ಸೆಟ್ಟು ಒಮ್ಮೆ ಗರಗರ ಅನ್ನುತ್ತದೆ. ಆಮೇಲೆ ಆಂಬುಲೆನ್ಸ್ ಚಾಲಕ ಧರ್ಮಪಾಲನ ಸ್ವರ ಗಂಟೆ ಹೊಡೆದಷ್ಟು ಸ್ವಚ್ಛವಾಗಿ ಬರುತ್ತದೆ: "ಲಾಯ್ಕ ಕೇಳ್ತಾ ಉಂಟು ಮೂಸಾಕ."

ಹಿಡಿದಿದ್ದ ಉಸಿರು ಆಗ ಹೊರಗೆ ಬರುತ್ತದೆ. ಒಂದು ವರ್ಷಕ್ಕೂ ಮೇಲಾಯಿತು, ಈ ಉಸಿರು ಹಿಡಿಯುವ ಅಭ್ಯಾಸ ಇನ್ನೂ ಬಿಟ್ಟಿಲ್ಲ.

ಅರುವತ್ತೊಂದು ವರ್ಷದ ಮೂಸಕುಂಞಿ ತುರ್ತು ಸೇವೆಯಲ್ಲಿ ಗುತ್ತಿಗೆಯ ಕೆಲಸಗಾರ. ಹಳೆಯ ವಯರ್‌ಲೆಸ್‌ಗಳು, ಎರಡು ವರ್ಷದ ಹಿಂದೆ ಬಂದ ಹೊಸ ಬ್ರಾಡ್‌ಬ್ಯಾಂಡ್ ಸೆಟ್‌ಗಳು, ಎಲ್ಲ ಸೇರಿ ಮೂವತ್ತನಾಲ್ಕರ ಆರೈಕೆ ಅವರದು. ದಿನಕ್ಕೆ ಸ್ಕೂಟರಿನಲ್ಲಿ ತೊಂಬತ್ತು ಕಿಲೋಮೀಟರ್ ತಿರುಗಾಟ. ಗುಡ್ಡ ಹತ್ತಲು ಇನ್ನೂರ ಹನ್ನೆರಡು ಮೆಟ್ಟಿಲು, ಮಳೆಗಾಲದಲ್ಲಿ ಅದರಲ್ಲಿ ನಲವತ್ತರಷ್ಟು ಮೆಟ್ಟಿಲುಗಳು ಕಾಣುವುದೇ ಇಲ್ಲ. ಹೆಂಡತಿ ಲೈಲಾ ಕಟ್ಟಿಕೊಡುವ ಬುತ್ತಿಯಲ್ಲಿ ಯಾವಾಗಲೂ ಎರಡು ಪತ್ತಿರಿ ರೊಟ್ಟಿ ಹೆಚ್ಚಿಗೆ ಇರುತ್ತವೆ, ದಾರಿಯಲ್ಲಿ ಯಾವ ಠಾಣೆಯಲ್ಲಿ ಯಾರು ಹಸಿದಿರುತ್ತಾರೋ ಎಂದು.

ಹೊಸ ಸೆಟ್‌ಗಳಲ್ಲಿ ಮಾತು ಮಾತ್ರವಲ್ಲ, ಚಿತ್ರವೂ ಹೋಗುತ್ತದೆ. ಎಲ್ಲಿ ಗುಡ್ಡ ಕುಸಿದಿದೆ, ಯಾವ ಸೇತುವೆಯ ಮೇಲೆ ನೀರು ಬಂದಿದೆ ಎಂದು ಕಂಟ್ರೋಲ್ ರೂಮಿನವರು ಕಣ್ಣಾರೆ ಕಂಡು ದಾರಿ ಹೇಳಬಹುದು. ಆದರೆ ಅದೆಲ್ಲ ಹೋಗುವುದು ಮೊಬೈಲ್ ಟವರಿನ ಮೂಲಕ. ಅಲ್ಲಿಯೇ ಮೂಸಕುಂಞಿಯ ಹಳೆಯ ಸಂಕಟದ ಬೇರು ಇರುವುದು.

ಈ ಕೆಲಸಕ್ಕೆ ಬರುವ ಮುಂಚೆ ಅವರು ಬೆಳ್ಳಾರೆ ಪೇಟೆಯಲ್ಲಿ ರೇಡಿಯೋ, ಟಿವಿ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದರು. ಟಿವಿ ರಿಪೇರಿ ಕಡಿಮೆಯಾದ ಮೇಲೆ ಸಿಗ್ನಲ್ ಬೂಸ್ಟರ್ ಎಂಬ ಪೆಟ್ಟಿಗೆಗಳನ್ನು ತಂದು ಮನೆಮನೆಗೆ ಕಟ್ಟಿಕೊಟ್ಟರು. ತಗ್ಗಿನ ಮನೆಗಳಲ್ಲಿ ಫೋನು ಹಿಡಿದು ಅಂಗಳ, ಬಾವಿಕಟ್ಟೆ, ಹಟ್ಟಿಯ ಹಂಚಿನ ಮಾಡು ಎಂದು ಸಿಗ್ನಲ್ ಹುಡುಕುತ್ತಿದ್ದವರು ಆ ಪೆಟ್ಟಿಗೆ ಬಂದ ದಿನ ಚಾವಡಿಯಲ್ಲಿ ಕೂತೇ ಮಾತಾಡಿದರು. "ಆಗ ನನ್ನನ್ನು ಕಂಡರೆ ಜನಕ್ಕೆ ಎಂಥ ಮರ್ಯಾದೆ ಮಾರಾಯ್ರೆ! ಡಾಕ್ಟ್ರಿಗೂ ಅಷ್ಟು ಇರಲಿಲ್ಲ," ಎಂದು ನಗುತ್ತಾರೆ.

ಅನುಮತಿಯಿಲ್ಲದೆ ಅದನ್ನು ಕಟ್ಟುವುದು ತಪ್ಪೆಂದು ಅವರಿಗೆ ಗೊತ್ತಾಗಿದ್ದು ಈ ಕೆಲಸಕ್ಕೆ ಸೇರಿದ ಮೇಲೆ, ತರಬೇತಿಯಲ್ಲಿ. ಅಲ್ಲಿ ಕಲಿತದ್ದನ್ನು ಅವರು ಈಗ ಊರಿನವರಿಗೆ ತಮ್ಮದೇ ರೀತಿಯಲ್ಲಿ ಹೇಳುತ್ತಾರೆ. "ಗಾಳಿಯಲ್ಲಿಯೂ ಗಡಿಕಲ್ಲು ಉಂಟು. ಸರ್ಕಾರ ಅಳತೆ ಮಾಡಿ ಇದು ಪೊಲೀಸರಿಗೆ, ಇದು ವಿಮಾನಕ್ಕೆ, ಇದು ಫೋನಿಗೆ ಅಂತ ತರಂಗ ಹಂಚಿ ಇಟ್ಟದ್ದು. ಈ ಪೆಟ್ಟಿಗೆಗೆ ಗಡಿಕಲ್ಲು ಕಾಣುದಿಲ್ಲ. ಮತ್ತೆ ಟವರಿಗೆ ಒಂದು ಕಿವಿ ಉಂಟು ಅಂತ ಇಟ್ಕೊಳ್ಳಿ. ಈ ಪೆಟ್ಟಿಗೆ ಹೋಗಿ ಆ ಕಿವಿಯಲ್ಲೇ ಬೊಬ್ಬೆ ಹೊಡೆದ ಹಾಗೆ. ಟವರು ಕಿವುಡಾಗ್ತದೆ. ಆಗ ಆಂಬುಲೆನ್ಸಿನವ ಎಷ್ಟು ಕರೆದರೂ ಅದಕ್ಕೆ ಕೇಳುದಿಲ್ಲ."

ತರಬೇತಿಯಿಂದ ಮನೆಗೆ ಬಂದವರೇ ಮೂಸಕುಂಞಿ ಅಟ್ಟ ಹತ್ತಿದರು. ಬಿಸ್ಕತ್ತಿನ ಡಬ್ಬಿಯಲ್ಲಿ ಅಂಗಡಿಯ ಕಾಲದ ಗ್ಯಾರಂಟಿ ಚೀಟಿಗಳ ಅರ್ಧ ತುಂಡುಗಳಿದ್ದವು, ಪ್ರತಿಯೊಂದರಲ್ಲೂ ಮನೆಯವರ ಹೆಸರು, ಊರು. ಒಟ್ಟು ನಲವತ್ತೊಂದು. ಮೇಲಿನವರಿಗೆ ಈ ವಿಳಾಸಗಳನ್ನು ಬರೆದು ಕೊಟ್ಟರೆ ಅವರು ಬಂದು ಪೆಟ್ಟಿಗೆ ವಶಪಡಿಸಿಕೊಂಡು ಮನೆಯವರ ಮೇಲೆ ಕೇಸು ಹಾಕಬಹುದಿತ್ತು. ಮೂಸಕುಂಞಿ ಒಂದು ವಿಳಾಸವನ್ನೂ ಬರೆಯಲಿಲ್ಲ. "ತಪ್ಪು ಅವರದ್ದಾ? ನಾನು ಹೇಳಿದೆ, ಅವರು ನಂಬಿದರು." ರಜೆಯ ದಿನಗಳಲ್ಲಿ ತಾವೇ ಹೋಗಿ, ಕೂತು, ಚಾ ಕುಡಿದು, ವಿಷಯ ಹೇಳಿ, ಒಂದೊಂದಾಗಿ ಬಿಚ್ಚಿ ತಂದರು. ಬಿಚ್ಚಿದ ಮನೆಯಲ್ಲಿ ಫೋನಿಗೆ ಬೇರೆ ದಾರಿ ಮಾಡಿಕೊಡದೆ ಎದ್ದು ಬರಲಿಲ್ಲ. ಬೈದವರೂ ಇದ್ದಾರೆ. ಒಬ್ಬರಂತೂ, "ಕಟ್ಟಲಿಕ್ಕೂ ನೀವೇ, ಬಿಚ್ಚಲಿಕ್ಕೂ ನೀವೇ, ನಡುವೆ ನಾವು ಎಂತ ಗೊಂಬೆಗಳಾ?" ಎಂದು ಕೇಳಿದರಂತೆ. "ಕೇಳಿದ್ದು ಸರಿಯೇ," ಎನ್ನುತ್ತಾರೆ ಮೂಸಕುಂಞಿ.

ನಾಲ್ಕು ವರ್ಷದಲ್ಲಿ ಕೊನೆಯ ಚೀಟಿಯೂ ಮುಗಿಯಿತು. ಆ ದಿನ ಲೈಲಾ ಪಾಯಸ ಮಾಡಿದ್ದರು.

ಆದರೆ ಹೊಸ ಸೆಟ್ ಬಂದಾಗಿನಿಂದ ಬೆಳಗಿನ ಹಾಜರಿಯಲ್ಲಿ ಮಂಡೆಕೋಲು ಮಾತ್ರ ಉತ್ತರ ಕೊಡುತ್ತಿರಲಿಲ್ಲ. ಧರ್ಮಪಾಲನ ದನಿ ತುಂಡು ತುಂಡಾಗಿ, ಕೊನೆಗೆ ಇಲ್ಲವೇ ಆಗುತ್ತಿತ್ತು. ಏಳು ಗಂಟೆಗೆ ಕರೆದರೆ ಎಲ್ಲ ಸರಿ. ಪರೀಕ್ಷೆಗೆಂದು ಎಂಜಿನಿಯರುಗಳು ಹನ್ನೊಂದು ಗಂಟೆಗೆ ಬಂದು ನೋಡಿ, ಏನೂ ತೊಂದರೆಯಿಲ್ಲ ಎಂದು ಬರೆದು ಹೋದರು.

ಕಳೆದ ವರ್ಷ ಜೂನ್ ತಿಂಗಳ ಒಂದು ಮುಂಜಾನೆ, ಮಂಡೆಕೋಲಿನ ತ್ಯಾಂಪಣ್ಣನವರ ಸೊಸೆ ಸುಪ್ರಿತಾಳಿಗೆ ಹೆರಿಗೆ ನೋವು ಬಂದು ಧರ್ಮಪಾಲ ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೊರಟಿದ್ದ. ಅರ್ಧ ಮೈಲು ಹೋಗುವಷ್ಟರಲ್ಲಿ ರಸ್ತೆಗೆ ಅಡ್ಡಲಾಗಿ ಹಲಸಿನ ಮರ ಬಿದ್ದಿತ್ತು. ಮರ ಕಡಿಯುವವರನ್ನು ಕಳಿಸಿ ಎಂದು ಕರೆದ, ಮರದ ಚಿತ್ರ ಕಳಿಸಲು ನೋಡಿದ. ಆಗ ಐದು ಗಂಟೆ ಐವತ್ತೆರಡು ನಿಮಿಷ. ಹೊಸ ಸೆಟ್ ಮೂಕ, ಅದೇ ಟವರಿನ ಮೊಬೈಲೂ ಮೂಕ. ಹಳೆಯ ವಯರ್‌ಲೆಸ್ ಆ ತಗ್ಗಿನಲ್ಲಿ ಎಂದೂ ಕೇಳಿದ್ದಿಲ್ಲ. ಇಪ್ಪತ್ತು ನಿಮಿಷದ ಮೇಲೆ ಹಾಲಿನ ಡೈರಿಗೆ ಹೋಗುತ್ತಿದ್ದ ನಾಲ್ವರು ಕೊಡೆ ಎಸೆದು, ಕತ್ತಿ ತರಿಸಿ, ಕೊಂಬೆ ಕಡಿದರು. ಅಷ್ಟರಲ್ಲಿ ಮಗು ಆಂಬುಲೆನ್ಸಿನಲ್ಲಿಯೇ ಹುಟ್ಟಿತ್ತು. ನರ್ಸಮ್ಮನ ಕೈಗುಣ, ತಾಯಿ ಮಗು ಇಬ್ಬರೂ ಕ್ಷೇಮ. ಮಗುವಿನ ಹೆಸರು ಪ್ರೀತಿಕಾ.

"ಕ್ಷೇಮ ಅಂತ ಎಲ್ಲರೂ ಹೇಳಿದರು," ಎನ್ನುತ್ತಾರೆ ಮೂಸಕುಂಞಿ. "ನನಗೆ ಮಾತ್ರ ಆ ಇಪ್ಪತ್ತು ನಿಮಿಷ ಗಂಟಲಿಂದ ಕೆಳಗೆ ಇಳೀಲಿಲ್ಲ."

ಮರುದಿನದಿಂದ ಅವರು ಹಾಜರಿಯನ್ನು ಮಂಡೆಕೋಲಿನ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಕರೆಯತೊಡಗಿದರು. ಕೈಯಲ್ಲಿ ಕೊಡೆಯ ಹಿಡಿಗೆ ಹಳೆ ಟಿವಿ ಆಂಟೆನಾದ ಕಡ್ಡಿಗಳನ್ನು ಸಿಕ್ಕಿಸಿ ತಾವೇ ಮಾಡಿದ ಸಾಧನ. ಅದನ್ನು ಯಾವ ದಿಕ್ಕಿಗೆ ತಿರುಗಿಸಿದಾಗ ತರಂಗದ ಗಲಾಟೆ ಹೆಚ್ಚೆಂದು ಅದಕ್ಕೆ ಸಿಕ್ಕಿಸಿದ ಮೀಟರಿನ ಮುಳ್ಳು ತೋರಿಸುತ್ತದೆ. ಮಳೆಯಲ್ಲಿ ಬಟ್ಟೆಯಿಲ್ಲದ ಕೊಡೆ ಹಿಡಿದು ನಿಂತವರನ್ನು ಕಂಡು ಡೈರಿಗೆ ಹೋಗುವವರು, "ಮೂಸಾಕ, ಕೊಡೆಗೆ ಬಟ್ಟೆ ಹಾಕಿಸ್ಲಿಕ್ಕೆ ಮರ್ತು ಹೋಯ್ತಾ?" ಎಂದು ಕೇಳಿ ಹೋಗುತ್ತಿದ್ದರು. ಗಲಾಟೆ ಇರುವುದು ಬೆಳಿಗ್ಗೆ ಅರ್ಧ ಗಂಟೆ ಮಾತ್ರ. ಒಂದು ದಿನಕ್ಕೆ ರಸ್ತೆಯ ಒಂದು ತಿರುವು. ಹೀಗೆ ಮೂರು ವಾರ.

ಕೊನೆಗೆ ಮುಳ್ಳು ತೋರಿಸಿದ್ದು ತ್ಯಾಂಪಣ್ಣನವರ ಮನೆಯ ಕೆಳಗಿನ ತಗ್ಗಿನಲ್ಲಿದ್ದ ಹಂಚಿನ ಮನೆಯನ್ನು. ಫಾತಿಮತ್ ಝುಹ್ರಾಳ ಮನೆ. ಗಂಡ ನೌಷಾದ್ ಗಲ್ಫಿನಲ್ಲಿ ಬ್ರೆಡ್ಡಿನ ವ್ಯಾನ್ ಓಡಿಸುತ್ತಾನೆ. ಅಲ್ಲಿಯ ಜಾವದಲ್ಲಿ ವ್ಯಾನ್ ಹೊರಡುವ ಮುಂಚೆ ಅವನಿಗೆ ಸಿಗುವುದು ಅರ್ಧ ಗಂಟೆ, ನಮಗದು ಆರು ಗಂಟೆಯ ಆಚೀಚೆ. ಆ ಅರ್ಧ ಗಂಟೆಗೆಂದು ಝುಹ್ರಾ ಪೆಟ್ಟಿಗೆಯ ಸ್ವಿಚ್ಚು ಹಾಕುತ್ತಾಳೆ. ಮಾತು ಮುಗಿದದ್ದೇ ತೆಗೆಯುತ್ತಾಳೆ, ಪೆಟ್ಟಿಗೆ ಬೇಗ ಹಾಳಾಗದಿರಲಿ ಎಂದು.

ಮೂಸಕುಂಞಿ ಅಂಗಳದಲ್ಲಿ ನಿಂತು ಮಾಡಿನ ಅಂಚು ನೋಡಿದರು. ಅಲ್ಲಿ ಕಟ್ಟಿದ್ದ ತಂತಿಯ ಜೋಡಣೆಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಮೇಲಿನಿಂದ ಗಾಳದ ನೂಲಿನಲ್ಲಿ ಮೂರು ಗಂಟು ಹಾಕಿತ್ತು. ಹಾಗೆ ಕಟ್ಟುವವರು ಈ ಮೂರು ತಾಲೂಕಿನಲ್ಲಿ ಒಬ್ಬರೇ.

ಆಗ ನೆನಪಾಯಿತು. ಝುಹ್ರಾಳ ತಂದೆ ಅವರ ಸ್ನೇಹಿತ. ಮದುವೆಗೆ ಉಡುಗೊರೆಯಾಗಿ ತಾವೇ ತಂದು ಕಟ್ಟಿಕೊಟ್ಟದ್ದು. ಉಡುಗೊರೆಗೆ ಯಾರು ಚೀಟಿ ಬರೆಯುತ್ತಾರೆ?

ವಿಷಯ ಕೇಳಿ ಝುಹ್ರಾ ಬಾಗಿಲ ದಾರಂದ ಹಿಡಿದು ನಿಂತುಬಿಟ್ಟಳು. "ಸುಪ್ರಿತಕ್ಕನಿಗೆ ಹಾಗೆ ಆದದ್ದು ನನ್ನಿಂದವಾ ಮೂಸಾಕ? ನಾನು ಆಗ ಫೋನಲ್ಲಿ ನಗಾಡ್ತಾ ಇದ್ದೆ."

"ನಿನ್ನಿಂದ ಅಲ್ಲ ಮೋಳೇ. ಕಟ್ಟಿದ್ದು ನಾನು."

ಆಕೆ ಒಳಗೆ ಹೋಗಿ ಸ್ವಿಚ್ಚು ತೆಗೆದಳು. ಬಂದು, "ಬಿಚ್ಚಿ. ನಮ್ಮವರಿಗೆ ನಾನು ಶುಕ್ರವಾರ ಪೇಟೆಗೆ ಹೋಗಿ ಫೋನು ಮಾಡ್ತೇನೆ," ಎಂದಳು. ವಾರಕ್ಕೊಮ್ಮೆ. ದಿನವೂ ಅಪ್ಪನ ಸ್ವರ ಕೇಳಿ ಏಳುವ ಎರಡು ಮಕ್ಕಳು ಚಾಪೆಯ ಮೇಲೆ ಕೂತು ನೋಡುತ್ತಿದ್ದವು. ಮೂಸಕುಂಞಿ ಅವುಗಳತ್ತ ನೋಡದೆ ಒಂದೊಂದೇ ಗಂಟು ಬಿಚ್ಚಿದರು.

ಬಿಚ್ಚಿದ ಮೇಲೆ ಅವರು ನೇರವಾಗಿ ಮೇಲಿನ ಮನೆಗೆ ಹತ್ತಿದರು. ತ್ಯಾಂಪಣ್ಣ ಎಪ್ಪತ್ತರ ಆಸುಪಾಸಿನ ಕೃಷಿಕ, ಮಾತು ಒರಟು. ಮೂಸಕುಂಞಿ ಪೆಟ್ಟಿಗೆಯನ್ನು ಅವರ ಜಗಲಿಯಲ್ಲಿಟ್ಟು, ಕೂರದೆ, ನಡೆದದ್ದನ್ನೆಲ್ಲ ಹೇಳಿದರು. ಝುಹ್ರಾಳ ಹೆಸರು ಎತ್ತಲಿಲ್ಲ. ಎಲ್ಲಿಂದ ಬಿಚ್ಚಿ ತಂದದ್ದು ಎಂದು ಜಗಲಿಯಲ್ಲಿ ಕೂತವರಿಗೆ ಕಾಣುತ್ತಲೇ ಇತ್ತು.

ತ್ಯಾಂಪಣ್ಣ ಪೆಟ್ಟಿಗೆಯನ್ನು ಎತ್ತಿ ತಿರುಗಿಸಿ ನೋಡಿ ಕೆಳಗಿಟ್ಟರು. ಒಳಗಿನಿಂದ ಕೂಸು ಅಳುವುದು ಕೇಳಿಸುತ್ತಿತ್ತು.

"ಕೇಳ್ತಾ ಉಂಟಾ ಅದರ ಬೊಬ್ಬೆ?" ಎಂದರು. "ನಿಮ್ಮ ಪೆಟ್ಟಿಗೆಗಿಂತ ಜೋರುಂಟು. ಹುಟ್ಟುವಾಗ ಯಾರಿಗೂ ಕೇಳದ್ದಕ್ಕೆ ಈಗ ಊರಿಗೇ ಕೇಳಿಸ್ತದೆ. ನಿಂತದ್ದು ಎಂತಕ್ಕೆ? ಕೂತ್ಕೊಳ್ಳಿ ಮಾರಾಯ್ರೆ."

ಮೂಸಕುಂಞಿ ಕೂತರು.

"ಕೆಳಗಿನ ಮಕ್ಕಳಿಗೆ ಅಪ್ಪನ ಫೋನು ಇನ್ನು ಹೇಗೆ?"

"ಅದೇ ಕೇಳ್ಲಿಕ್ಕೆ ಬಂದದ್ದು. ನಿಮ್ಮ ಮನೆಗೆ ನೆಟ್ಟಿನ ಕೇಬಲ್ ಉಂಟಲ್ಲ. ಅದರಿಂದ ಒಂದು ವಯರು ಕೆಳಗೆ ಎಳೆದರೆ, ಅವಳ ಫೋನು ಟವರಿನ ಗೊಡವೆ ಇಲ್ಲದೆ ವೈಫೈಯಲ್ಲಿಯೇ ಮಾತಾಡ್ತದೆ. ಅದಕ್ಕೆ ಕಾನೂನಿನ ಅಡ್ಡಿ ಇಲ್ಲ, ನಾನು ಕೇಳಿ ತಿಳ್ಕೊಂಡಿದ್ದೇನೆ. ಆದರೆ ನಿಮ್ಮ ಮನೆಯಿಂದ ಕೇಳ್ಲಿಕ್ಕೆ ನನಗೆ ಮುಖ ಇಲ್ಲ."

"ಮುಖ ಇಲ್ಲದಿದ್ರೆ ಬಾಯಿ ಉಂಟಲ್ಲ, ಕೇಳಿ ಆಯ್ತಲ್ಲ," ಎಂದು ತ್ಯಾಂಪಣ್ಣ ಎದ್ದು ಏಣಿ ತಂದರು. "ನಮ್ಮಲ್ಲಿ ಆ ನೆಟ್ಟು ದಿನವಿಡೀ ಸುಮ್ಮನೆ ಬಿದ್ದುಕೊಂಡಿರ್ತದೆ."

ಆ ಮಧ್ಯಾಹ್ನ ಇಬ್ಬರೂ ಸೇರಿ ಗೇರುಮರದಿಂದ ಗೇರುಮರಕ್ಕೆ ತೊಂಬತ್ತು ಮೀಟರ್ ವಯರು ಎಳೆದರು. ಏಣಿ ಹಿಡಿದದ್ದು ತ್ಯಾಂಪಣ್ಣ, ಹತ್ತಿದ್ದು ಮೂಸಕುಂಞಿ. ಬಾಣಂತಿ ಸುಪ್ರಿತಾ ಕಿಟಕಿಯಿಂದಲೇ, "ಮಾವ, ವಯರು ತಗ್ಗಿತು, ಇನ್ನೂ ಮೇಲೆ!" ಎಂದು ಹೇಳಿಕೊಡುತ್ತಿದ್ದಳು. ಸಂಜೆ ಝುಹ್ರಾ ಒಂದು ತಟ್ಟೆ ತುಂಬ ತುಪ್ಪದ ಹಲ್ವ ಕಳಿಸಿದಳು. ಬಾಣಂತಿ ತಿನ್ನುವಂಥದ್ದೇ ಎಂದು ಶುಂಠಿ ಹಾಕಿ ಬೇರೆಯಾಗಿ ಮಾಡಿದ ಸಣ್ಣ ಬಟ್ಟಲೊಂದು ಅದರ ನಡುವೆ ಇತ್ತು.

ಮರುದಿನ ಮುಂಜಾನೆ ಐದು ಐವತ್ತಕ್ಕೆ ನೌಷಾದ್ ಫೋನು ಮಾಡಿದ. ಅದೇ ಹೊತ್ತಿಗೆ ಗುಡ್ಡದ ಮೇಲೆ ಮೂಸಕುಂಞಿ, "ಮಂಡೆಕೋಲು?" ಎಂದು ಕರೆದರು. ಎರಡೂ ಕಡೆ ಸ್ವರ ಮುಟ್ಟಿತು. ಧರ್ಮಪಾಲನಿಗೆ ನಂಬಿಕೆಯಾಗದೆ, "ಇನ್ನೊಮ್ಮೆ ಕರೀರಿ ಮೂಸಾಕ," ಎಂದನಂತೆ. ಮೂಸಕುಂಞಿ ಮತ್ತೊಮ್ಮೆ ಕರೆದರು. ಆಮೇಲೆ, ಸುಮ್ಮನೆ, ಮೂರನೆಯ ಸಲವೂ.

ಬಿಚ್ಚಿ ತಂದ ನಲವತ್ತೆರಡು ಪೆಟ್ಟಿಗೆಗಳನ್ನು ಅವರು ಲೆಕ್ಕ ಕೊಟ್ಟು ಮೇಲಿನವರಿಗೆ ಒಪ್ಪಿಸಿದ್ದಾರೆ. ಎಲ್ಲಿಂದ ತಂದದ್ದೆಂದು ಅವರು ಕೇಳಿದಾಗ, "ಎಲ್ಲ ನನ್ನ ಅಂಗಡಿಯದ್ದು," ಎಂದು ಬರೆದು ಸಹಿ ಹಾಕಿದರು. ಮುಂದಿನ ವರ್ಷ ಗುತ್ತಿಗೆ ಮುಗಿಯುತ್ತದೆ. ಮುಂದುವರಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ಅದರ ಬಗ್ಗೆ ಅವರಿಗೆ ಹೆಚ್ಚು ಚಿಂತೆ ಇದ್ದಂತಿಲ್ಲ.

ಚಿಂತೆ ಬೇರೆಯದೇ ಇದೆ. ಹಾಜರಿ ಮುಗಿಸಿ ಕೋಣೆಗೆ ಬೀಗ ಹಾಕಿ, ಇನ್ನೂರ ಹನ್ನೆರಡು ಮೆಟ್ಟಿಲು ಇಳಿಯುವ ಮೊದಲು ಮೂಸಕುಂಞಿ ಒಂದು ಕ್ಷಣ ನಿಂತು ಕೆಳಗಿನ ಹಂಚಿನ ಮಾಡುಗಳನ್ನು ನೋಡುತ್ತಾರೆ.

"ನೀವು ಪೇಪರಿಗೆ ಬರೆಯುದಾದ್ರೆ ನನ್ನ ಫೋಟೋ ಎಲ್ಲ ಬೇಡ. ಒಂದು ಮಾತು ಮಾತ್ರ ಹಾಕಿ. ಚೀಟಿ ಇಲ್ಲದ್ದು ಒಂದು ಇತ್ತು. ಇನ್ನೊಂದು ಇರ್ಲಿಕ್ಕಿಲ್ಲ ಅಂತ ಹೇಗೆ ಹೇಳುದು? ಎಲ್ಲರೂ ಒಮ್ಮೆ ಮನೆಯ ಮಾಡಿನ ಅಡಿ ನೋಡ್ಲಿ. ಸೈಕಲ್ ಟ್ಯೂಬಿನ ಮೇಲೆ ಮೂರು ಗಂಟು ಕಂಡ್ರೆ, ಹೆದರುದು ಬೇಡ, ಬೈಯುದಾದ್ರೆ ಬೈಲಿ, ಒಂದು ಫೋನು ಮಾಡ್ಲಿ. ನಾನೇ ಬಂದು ಬಿಚ್ತೇನೆ. ಚಾ ಸಕ್ಕರೆ ಹಾಕದ್ದು ಕೊಟ್ರೆ ಸಾಕು."