ಕೇಳದ ಕಿವಿಯ ಕಡೆ ಕೂತವನು

ಕುವಾಹಾರನನ್ನು ಹೇಡಿ ಎಂದುಬಿಟ್ಟರೆ ಕಥೆ ಅಲ್ಲಿಗೇ ಮುಗಿಯಿತು. ಅವನೂ ತನ್ನನ್ನು ಹಾಗೇ ಬೈದುಕೊಳ್ಳುತ್ತಿದ್ದ, ಆದರೆ ಮನಸ್ಸಿನೊಳಗೆ ಮಾತ್ರ. ಹೊರಗೆ ಅವನು ಜಪಾನಿನ ಬೆಪ್ಪು ಎಂಬ ಊರಿನ ಬಸ್ ಡ್ರೈವರ್. ನೌಕಾದಳದ ವಿಮಾನ ಹಾರಿಸಿದವನು ಎಂದು ಯಾರಾದರೂ ಮರ್ಯಾದೆ ಕೊಟ್ಟರೆ ಬೇಡ ಎನ್ನದೆ ಇಸಿದುಕೊಳ್ಳುತ್ತಿದ್ದ.

ಹದಿನಾರಕ್ಕೇ ತರಬೇತಿಗೆ ಸೇರಿದವನು, ಏಳು ಗುಂಡಿಯ ಸಮವಸ್ತ್ರಕ್ಕೆ ಮರುಳಾಗಿ. ಅಲ್ಲಿ ಹಾರುವುದಕ್ಕಿಂತ ಏಟು ತಿನ್ನುವುದನ್ನೇ ಹೆಚ್ಚು ಕಲಿತ. ಒಬ್ಬ ತಪ್ಪಿದರೆ ಇಡೀ ತಂಡದ ಕುಂಡೆಗೆ ದೊಣ್ಣೆ. ಯುದ್ಧಕ್ಕೆ ಮುಂಚೆ ಕಲಿತವರು ನೂರಾರು ಗಂಟೆ ಹಾರಿ ಪಳಗಿದ್ದರು. ಇವನ ಕಾಲಕ್ಕೆ ಪೆಟ್ರೋಲೇ ಇಲ್ಲ, ಹುಡುಗರು ಎಣ್ಣೆಗಾಗಿ ಪೈನ್ ಮರದ ಬೇರು ಅಗೆಯುತ್ತಿದ್ದರು. ತೊಂಬತ್ತು ಗಂಟೆ ಹಾರಿಸಿ, ಕಲಿತದ್ದು ಸಾಕು, ವಿಮಾನ ಸಮೇತ ಹೋಗಿ ಶತ್ರುವಿನ ಹಡಗಿಗೆ ಗುದ್ದಿ ಸಾಯಿ ಎಂದರು. ಆಗ ಅವನಿಗೆ ಹತ್ತೊಂಬತ್ತು.

ಅವನ ವಿಮಾನದ ಮೆಕ್ಯಾನಿಕ್ ಇಸೊಗಾಯಿ, ಹನ್ನೆರಡು ವರ್ಷ ದೊಡ್ಡವನು. ಹೊರಡುವ ಬೆಳಿಗ್ಗೆ ರೆಕ್ಕೆ ಹತ್ತಿ ನಿಂತು ಹುಡುಗನ ಬೆಲ್ಟ್ ಬಿಗಿದ. ವಿಮಾನ ಕಣ್ಮರೆಯಾಗುವ ತನಕ ಟೋಪಿ ಬೀಸಿದ. ಮುಕ್ಕಾಲು ಗಂಟೆಯಲ್ಲಿ ಕುವಾಹಾರ ವಾಪಸ್ ಬಂದಿದ್ದ.

"ಇಂಜಿನ್ ನಡುಗ್ತಾ ಇತ್ತು, ಸಾರ್," ಎಂದ ಅಧಿಕಾರಿಗೆ.

ಶುದ್ಧ ಸುಳ್ಳು. ನಡುಗಿದ್ದು ಅವನ ಕೈಕಾಲು. ಅಧಿಕಾರಿ ಇಸೊಗಾಯಿಯನ್ನು ಕರೆಸಿದ. ಇಂಜಿನ್ ಓಡಿಸಿ ತೋರಿಸಿದ್ದರೆ ಕುವಾಹಾರನ ಕಥೆ ಅಲ್ಲೇ ಬಯಲಾಗುತ್ತಿತ್ತು. ಇಸೊಗಾಯಿ ಒಮ್ಮೆ ಹುಡುಗನ ಮುಖ ನೋಡಿದ.

"ಪ್ಲಗ್ ಸರಿಯಾಗಿ ನೋಡ್ಲಿಲ್ಲ, ಸಾರ್. ತಪ್ಪು ನಂದು."

ಅಧಿಕಾರಿ ಎಲ್ಲರೆದುರು ಅವನ ಎಡಕಿವಿಗೆ ಬಾರಿಸಿದ. ರಕ್ತ ಬಂದ ಮೇಲೂ ಬಾರಿಸಿದ. ಕುವಾಹಾರ ನೆಟ್ಟಗೆ ನಿಂತು ನೋಡಿದ. ಮತ್ತೆ ಅವನ ಸರದಿ ಬರುವಷ್ಟರಲ್ಲಿ ಯುದ್ಧವೇ ಮುಗಿಯಿತು.

ಹತ್ತು ವರ್ಷ ಕಳೆದ ಮೇಲೆ, ಇಸೊಗಾಯಿ ಪಕ್ಕದೂರಿನಲ್ಲೇ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾನೆಂದು ತಿಳಿಯಿತು. ಆಗಸ್ಟ್ ತಿಂಗಳ ಪಿತೃಗಳ ಹಬ್ಬಕ್ಕೆ ಕುವಾಹಾರ ಕಲ್ಲಂಗಡಿ ಹಿಡಿದು ಹೋದ. ಏಟು ತಿಂದು ಕೇಳದಾಗಿದ್ದ ಎಡಕಿವಿಯ ಕಡೆ ಕೂತು ನಿಜವನ್ನು ಗೊಣಗುಟ್ಟಿದ. ಇಸೊಗಾಯಿ "ಏನಂದ್ರಿ?" ಎಂದಾಗ "ಏನಿಲ್ಲ, ಸೆಖೆ ಜಾಸ್ತಿ" ಎಂದು ಎದ್ದುಬಂದ. ಮರುವರ್ಷವೂ ಅದೇ ಕಲ್ಲಂಗಡಿ, ಅದೇ ಸೆಖೆ. ಥೂ, ಇವನ ಜನ್ಮಕ್ಕಿಷ್ಟು!

ಮೂರನೇ ವರ್ಷವೂ ಎಡಗಡೆಯೇ ಕೂತ. ಇಸೊಗಾಯಿ ಟ್ಯೂಬನ್ನು ಬೋಗುಣಿಯ ನೀರಿಗದ್ದಿ ಗುಳ್ಳೆ ಹುಡುಕುತ್ತಿದ್ದ. ಹೆಂಡತಿ ಸಾತೊಯೆ ಚಹಾ ತಂದು ಕುವಾಹಾರನ ಮುಂದಿಟ್ಟಳು.

"ಆ ಟ್ಯೂಬನ್ನ ನೀವೇ ಒಂದ್ಸಲ ಪರೀಕ್ಷೆ ಮಾಡ್ನೋಡಿ. ಪ್ಲಗ್ ಮರೆತು ನಿಮ್ಮನ್ನ ಕೊಲ್ಲೋಕೆ ಹೊರಟಿದ್ದ ಮಹಾನುಭಾವ ಇವರು! ಊರೋರು ಇವತ್ತಿಗೂ ಆಡ್ಕೊಳ್ತಾರೆ, ಬ್ರೇಕ್ ಮಾತ್ರ ಇವರ ಕೈಗೆ ಕೊಡಬೇಡಿ ಅಂತ."

ಇಸೊಗಾಯಿ ನಕ್ಕ. ಆ ನಗು ನೋಡಿ ಕುವಾಹಾರನಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಮಾಡಿದ ಪಾಪ ಒಂದು ಬೆಳಗಿನದು ಎಂದುಕೊಂಡಿದ್ದ. ಇಲ್ಲಿ ಅದು ದಿನಾ ನಡೆದಿತ್ತು. ಬೋಗುಣಿಯ ಸುತ್ತ ಹಾದು ಬಲಗಡೆಗೆ ಹೋಗಿ ಮಂಡಿಯೂರಿದ.

"ಇಸೊಗಾಯಿ ಅಣ್ಣ, ಇಂಜಿನ್ನಿಗೆ ಏನೂ ಆಗಿರ್ಲಿಲ್ಲ. ನಾನು ಹೆದರ್ಕೊಂಡು ವಾಪಸ್ ಬಂದೆ. ನೀವು ಹೊಡೆಸ್ಕೊಳ್ತಿದ್ರೆ ನೋಡ್ತಾ ನಿಂತಿದ್ದೆ."

ಇಸೊಗಾಯಿಯ ಕೈ ನೀರಿನಲ್ಲೇ ನಿಂತಿತು.

"ನಾನು ಜೋಡಿಸಿದ ಇಂಜಿನ್ ಕಣ್ರೀ ಅದು. ನನಗೆ ಗೊತ್ತಿರಲ್ವಾ? ಗೊತ್ತಿರೋನಿಗೆ ಹೇಳೋಕೆ ಮೂರು ವರ್ಷ ಕಲ್ಲಂಗಡಿ ಹೊತ್ರಾ?" ಒದ್ದೆ ಕೈಯಲ್ಲೇ ಹೆಂಡತಿಯ ಕಡೆ ತೋರಿಸಿದ. "ಗೊತ್ತಿಲ್ದೋಳು ಅಲ್ಲಿ ನಿಂತಿದಾಳೆ. ಅವಳಿಗೆ ಹೇಳಿ."

ಕುವಾಹಾರ ಸಾತೊಯೆಯ ಕಡೆ ತಿರುಗಿ ಹಣೆ ನೆಲಕ್ಕಿಟ್ಟ. ಎಲ್ಲವನ್ನೂ ಮತ್ತೊಮ್ಮೆ ಹೇಳಿದ, ಈ ಸಲ ಬೀದಿಗೆ ಕೇಳುವಷ್ಟು ಜೋರಾಗಿ.

ಸಾತೊಯೆ ಬಗ್ಗಿ, ಅವನಿಗೆಂದು ತಂದಿದ್ದ ಚಹಾದ ಬಟ್ಟಲನ್ನು ಎತ್ತಿಕೊಂಡು ಹೋಗಿ ಗಂಡನ ಮುಂದಿಟ್ಟಳು.