ಅಟ್ಟದ ಅಡ್ಡಮರಗಳು

ಛಾವಣಿಯ ಮರದ ಚೌಕಟ್ಟು ತಯಾರಿಸುವ ಕಾರ್ಖಾನೆಯಲ್ಲಿ ಅವನು ಮೇಸ್ತ್ರಿ. ಕಡಿಮೆ ಮರದಲ್ಲಿ ಗಟ್ಟಿ ಛಾವಣಿ ನಿಲ್ಲಿಸುವುದರಲ್ಲಿ ಎತ್ತಿದ ಕೈ. ಹೊಸ ಬಡಾವಣೆಯ ನಲವತ್ತು ಮನೆಗಳ ಕೆಲಸ ಬಂದಾಗ ಎಂಜಿನಿಯರಮ್ಮ, “ಅಟ್ಟದ ನಡುವೆ ಜಾಗ ಬಿಡೋಣ್ವಾ ಮೇಸ್ತ್ರಿ? ಮುಂದೆ ಯಾರಾದ್ರೂ ರೂಮು ಮಾಡ್ಕೋಬಹುದು” ಎಂದಿದ್ದರು.

“ಅಟ್ಟದಲ್ಲಿ ಮಲಗೋದು ಇಲಿ. ಅದಕ್ಯಾಕೆ ರೂಮು?” ಎಂದು ಎಲ್ಲರನ್ನೂ ನಗಿಸಿ, ಸಣ್ಣ ಮರಗಳನ್ನೇ ಅಡ್ಡಡ್ಡ, ಓರೆಓರೆಯಾಗಿ ಹೆಣೆದುಕೊಟ್ಟ. ಮರ ಉಳಿಯಿತೆಂದು ಮಾಲೀಕರಿಂದ ಶಹಭಾಸ್‌ಗಿರಿಯೂ ಸಿಕ್ಕಿತು. ಮರುವರ್ಷ ಆ ನಲವತ್ತರಲ್ಲೇ ಒಂದು ಮನೆ ಕೊಂಡ. ಕೊಳ್ಳುವ ಮುಂಚೆ ಗೋಡೆ ತಟ್ಟಿದ, ನಲ್ಲಿ ತಿರುಗಿಸಿದ. ಛಾವಣಿಯನ್ನು ನೋಡುವುದೇನು, ತನ್ನದೇ ಕೆಲಸ!

ಅವನಿಗೊಬ್ಬ ಅಕ್ಕ. ತಾಯಿ ಹೋದ ಮೇಲೆ ಹೊಲಿಗೆ ಮಿಷನ್ ತುಳಿದು ಅವನನ್ನು ಸಾಕಿದವಳು, ಅದರಲ್ಲೇ ಮದುವೆಯ ವಯಸ್ಸನ್ನೂ ಕಳೆದವಳು. ಯಾರ ಮುಂದೆಯೂ ಕೈ ಚಾಚದ ಆಕೆ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಫೋನ್ ಮಾಡಿ, “ಒಬ್ಬಳೇ ಇರೋಕೆ ಭಯ ಆಗುತ್ತೆ ಕಣೋ” ಎಂದಳು.

“ನಮ್ಮನೆಗೆ ಬಂದ್ಬಿಡಕ್ಕ. ಮಗಳಿಗೆ ಅಟ್ಟದಲ್ಲಿ ರೂಮು ಮಾಡ್ತೀನಿ, ಅವಳ ರೂಮು ನಿನಗೆ” ಎಂದುಬಿಟ್ಟ.

ಇದ್ದದ್ದು ಎರಡೇ ಕೋಣೆ. ಒಂದರಲ್ಲಿ ಹಾಸಿಗೆ ಹಿಡಿದ ಅತ್ತೆ, ಅವರ ಜೊತೆಗೆ ಹೆಂಡತಿ. ಇನ್ನೊಂದರಲ್ಲಿ ಮಗಳ ಮಂಚ ಹಾಕಿದರೆ ಬಾಗಿಲೇ ಪೂರ್ತಿ ತೆರೆಯುತ್ತಿರಲಿಲ್ಲ. ಅವನೋ ಒಂದು ಚಾಪೆಗಷ್ಟೇ ಜಾಗವಿದ್ದ ಹಾಲ್‌ನಲ್ಲಿ ಮಲಗುತ್ತಿದ್ದ. ತಾನು ಕಟ್ಟಿದ್ದನ್ನು ತಾನು ಬದಲಿಸಲಾರೆನೇ ಎಂಬ ಧೈರ್ಯ ಅವನದು.

ಭಾನುವಾರ ಏಣಿ ಹಾಕಿ ಹತ್ತಿದ. ನೆಟ್ಟಗೆ ನಿಲ್ಲಲಾಗಲಿಲ್ಲ. ಎರಡೆರಡು ಅಡಿಗೆ ಒಂದೊಂದು ಚೌಕಟ್ಟು. ಪ್ರತಿಯೊಂದರಲ್ಲೂ ಅಡ್ಡಮರಗಳು. ಒಂದನ್ನು ಕೊಯ್ದರೂ ಛಾವಣಿಯ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಆಸೆ ಕೆಟ್ಟದ್ದು, ಎಂಜಿನಿಯರಮ್ಮನನ್ನು ಕರೆಸಿದ. ಆಕೆ ಟಾರ್ಚ್ ಆಡಿಸಿ, “ಛಾವಣಿ ಪೂರ್ತಿ ಬಿಚ್ಚಿ ಹೊಸದಾಗಿ ಹಾಕ್ಬೇಕು ಮೇಸ್ತ್ರಿ. ಅದರ ಖರ್ಚು ನಿಮ್ಮ ಕೈಲಾಗೋ ಮಾತಲ್ಲ” ಎಂದರು. ಇಲಿಯ ಮಾತನ್ನು ಆಕೆ ಎತ್ತಲಿಲ್ಲ. ಎತ್ತಿ ನಾಲ್ಕು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಹೇಳಲು ಹೋದಾಗ ಅಕ್ಕ ಹೊಲಿಗೆ ಮಿಷನ್ನನ್ನು ಪಕ್ಕದ ಮನೆಯವಳಿಗೆ ಕೊಟ್ಟು, ಪೆಟ್ಟಿಗೆ ಕಟ್ಟಿ ಕೂತಿದ್ದಳು. ಅವನು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಅಡ್ಡಮರ ಹಾಕಿದವನು ಯಾರೆಂಬುದು ಮಾತ್ರ ಗಂಟಲಲ್ಲೇ ಉಳಿಯಿತು.

“ಕೊಯ್ದರೆ ಮನೆ ಬೀಳುತ್ತಾ?”

“ಬೀಳುತ್ತಕ್ಕ.”

“ಅಷ್ಟೇ ತಾನೇ! ನಿನಗೇ ನಾನು ಬೇಡವಾದ್ನೇನೋ ಅಂತ ಹೆದರಿದ್ದೆ” ಎಂದು ಕಣ್ಣೊರೆಸಿಕೊಂಡು ನಕ್ಕಳು.

ಮುಂದಿನ ವಾರ ಅವಳನ್ನು ವೃದ್ಧಾಶ್ರಮಕ್ಕೆ ಬಿಡಲು ಹೋದ. ಉದ್ದನೆಯ ಕೋಣೆಯಲ್ಲಿ ಎಂಟು ಮಂಚ, ಕಿಟಕಿಯಿಂದ ದೂರದ್ದು ಅವಳಿಗೆ. ಪಕ್ಕದ ಮಂಚದ ಮುದುಕಿ, “ಯಾರೂ ಇಲ್ವಾ ನಿಮಗೆ?” ಎಂದು ಕೇಳಿದಳು.

“ಅಯ್ಯೋ, ಇಲ್ಲದೆ ಏನು! ಬಂಗಾರದಂಥ ತಮ್ಮ ಇದ್ದಾನೆ. ನನಗೆ ಅಂತಾನೇ ರೂಮು ಮಾಡೋಕೆ ಹೊರಟಿದ್ದ. ಏನ್ಮಾಡೋದು, ಯಾವನೋ ಅಯೋಗ್ಯ ಬಡಗಿ ಮುಂದಾಲೋಚನೆ ಇಲ್ಲದೆ ಛಾವಣಿ ಮಾಡಿಟ್ಟಿದ್ದಾನೆ. ಅಲ್ವೇನೋ?”

ಅವನು ಪೆಟ್ಟಿಗೆಯನ್ನು ಮಂಚದಡಿಗೆ ತಳ್ಳುತ್ತ, “ಹೌದಕ್ಕ” ಎಂದ.